ತೊಂಬತ್ತಾರು ಕಂತುಗಳ ಒಂದು ಮಾತು

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ಚಟ ಅಂಟಬಾರದೆಂದು ಹಿರಿಯರು ಹೇಳುವುದುಂಟು. ಅಂಟುವುದೇ ಆದರೆ ಅದು ನಶ್ಯವೋ ಎಲೆಯಡಿಕೆಯೋ ಇಸ್ಪೀಟೋ ಆಗಿದ್ದರೆ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬಹುದು. ನನಗೆ ಅಂಟಿದ ಚಟವಾದರೋ ಅಧ್ಯಾಪಕರ ಕೊಠಡಿಯಲ್ಲಿ ಬಾಯಿಬಿಡುವಂಥದಲ್ಲ. ಹಗಲೆಲ್ಲ ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳುವ ನಾನು, ರಾತ್ರಿ ಊಟವಾದೊಡನೆ ಜಪಾನಿನ ಹೈಸ್ಕೂಲು ಹುಡುಗ ಹುಡುಗಿಯರ ಪ್ರಣಯಕಥೆಗಳನ್ನು, ಅದೂ ಚಿತ್ರ ಬರೆದು ಬಣ್ಣ ತುಂಬಿ ಚಲಿಸುವಂತೆ ಮಾಡಿದ ‘ಅನಿಮೆ’ ಸರಣಿಗಳನ್ನು, ಕಂತು ಕಂತಾಗಿ ನೋಡುತ್ತೇನೆ. ನೋಡಿ ಸುಮ್ಮನಿರುವುದೂ ಇಲ್ಲ; ಪರದೆಯೊಡನೆ ಜಗಳವಾಡುತ್ತೇನೆ.

ಇದಕ್ಕೆ ಕಾರಣಳು ಪಿ.ಯು.ಸಿ. ಓದುತ್ತಿರುವ ನನ್ನ ಮಗಳು. ಒಂದು ರಾತ್ರಿ, “ಈ ವಯಸ್ಸಿನಲ್ಲೂ ಮಕ್ಕಳ ಬೊಂಬೆಯಾಟ ನೋಡುತ್ತೀಯಲ್ಲ!” ಎಂದು ಗದರಿಸಲು ಹೋದವನು ಬಾಗಿಲಲ್ಲಿ ನಿಂತೆ, ನಿಂತವನು ಕುಳಿತೆ, ಕುಳಿತವನು ಎದ್ದದ್ದು ಹನ್ನೆರಡು ಹೊಡೆದ ಮೇಲೆ. ಆಕೆ ನೋಡುತ್ತಿದ್ದುದು ‘ಕಿಮಿ ನಿ ತೊದೊಕೆ’ ಎಂಬ ಸರಣಿ. ‘ನಿನ್ನನ್ನು ಮುಟ್ಟಲಿ’ ಎಂದು ಅದರ ಅರ್ಥವಂತೆ. ಕರುಹೊ ಶೀನಾ ಎಂಬ ಲೇಖಕಿಯ ಚಿತ್ರಕಥೆಯನ್ನು ಆಧರಿಸಿ 2009ರಲ್ಲಿ ಬಂದದ್ದು. ನಾಯಕಿ ಸವಾಕೊ ಕುರೊನುಮಾ ಉದ್ದ ಕಪ್ಪುಗೂದಲಿನ, ಬಿಳಿಚಿದ ಮುಖದ, ಮಾತು ಬಾರದ ಹುಡುಗಿ. ‘ರಿಂಗ್’ ಎಂಬ ದೆವ್ವದ ಕಥೆಯ ಪ್ರೇತದ ಹೆಸರು ಸದಾಕೊ. ತರಗತಿಯವರೆಲ್ಲ ಈಕೆಯನ್ನು ಆ ಹೆಸರಿನಿಂದಲೇ ಕರೆದು ದೂರ ಸರಿಯುತ್ತಾರೆ. ಕಜೆಹಾಯಾ ಎಂಬ ಹುಡುಗನೊಬ್ಬ ಮಾತ್ರ ಸರಿಯುವುದಿಲ್ಲ. ಶಾಲೆ ಸೇರುವ ದಿನ ಚೆರಿಮರದ ಕೆಳಗೆ ದಾರಿ ಕೇಳಿದಾಗ ಆಕೆ ನಕ್ಕ ಒಂದು ನಗೆ ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಅವನಿಗೆ ಅವಳು ಬೇಕು. ಅವಳಿಗೆ ಅವನು ಬೇಕು. ನೋಡುವ ನಮಗೆ ಇದು ಮೊದಲ ಕೆಲವು ಕಂತುಗಳಲ್ಲೇ ಗೊತ್ತು. ಗೊತ್ತಿಲ್ಲದವರು ಇಬ್ಬರೇ: ಅವನು ಮತ್ತು ಅವಳು. ಹೀಗೆಯೇ ಇಪ್ಪತ್ತೈದು ಕಂತುಗಳು ಕಳೆಯುತ್ತವೆ. ಹನ್ನೆರಡನೆಯ ಕಂತಿನ ವೇಳೆಗೆ ನಾನು ಕುರ್ಚಿಯಿಂದೆದ್ದು “ಹೇಳೋ ಮಾರಾಯ, ಒಂದು ಮಾತು ಹೇಳಿಬಿಡೋ!” ಎಂದು ಕೂಗಿದುದನ್ನು ಕೇಳಿ ಪಕ್ಕದ ಮನೆಯವರು ದೀಪ ಹಾಕಿದರು. ಹುಡುಗ ಹೇಳಲಿಲ್ಲ. ಆ ಮಾತು ಬಾಯಿಂದ ಹೊರಟುದು 2011ರ ಎರಡನೆಯ ಸರಣಿಯಲ್ಲಿ. ಆಮೇಲೆ ಅವರಿಬ್ಬರ ಯೋಗಕ್ಷೇಮವೇನಾಯಿತೆಂದು ತಿಳಿಸುವ ಮೂರನೆಯ ಸರಣಿ ಬಂದುದು 2024ರಲ್ಲಿ. ನಡುವೆ ಹದಿಮೂರು ವರ್ಷ. ಪಾಂಡವರು ವನವಾಸ ಅಜ್ಞಾತವಾಸಗಳೆರಡನ್ನೂ ಮುಗಿಸಿಕೊಂಡು ಬರುವಷ್ಟು ಕಾಲ! ತಡವಾಗಿ ಈ ಚಟಕ್ಕೆ ಬಿದ್ದವನಾದ್ದರಿಂದ ನನಗೆ ಆ ಕಾಯುವಿಕೆ ತಪ್ಪಿತು.

ಈ ಸರಣಿಗಳಿಂದ ನಾನು ಮೊದಲು ಕಲಿತ ಜಪಾನೀ ಮಾತು ಪ್ರೀತಿಗೆ ಸಂಬಂಧಿಸಿದುದೆಂದು ಓದುಗರು ಊಹಿಸಿದರೆ ತಪ್ಪು. ನಾನು ಕಲಿತದ್ದು ‘ನಂದೆಮೊನಾಯ್’. ಎಂದರೆ, ‘ಏನೂ ಇಲ್ಲ’. ನಾಯಕ ಉಸಿರು ಬಿಗಿಹಿಡಿದು, ಮುಷ್ಟಿ ಕಟ್ಟಿ, ಕಿವಿಯವರೆಗೆ ಕೆಂಪಾಗಿ “ನಾನು... ನಿನ್ನನ್ನು...” ಎಂದು ತೊಡಗುತ್ತಾನೆ. ಅವಳು “ಏನು?” ಎನ್ನುತ್ತಾಳೆ. ಅವನು “ನಂದೆಮೊನಾಯ್” ಎನ್ನುತ್ತಾನೆ. ಕಂತು ಮುಗಿಯುತ್ತದೆ. ಜಪಾನೀ ಭಾಷೆಯಲ್ಲಿ ಇಷ್ಟು ಚಿಕ್ಕ ಮಾತು ಇಷ್ಟು ದೊಡ್ಡ ಸುಳ್ಳನ್ನು ಹೊತ್ತಿರುವುದು ಆಶ್ಚರ್ಯ.

ಅಕಸ್ಮಾತ್ತಾಗಿ ಧೈರ್ಯ ಬಂದರೂ ವಿಧಿ ಬಿಡುವುದಿಲ್ಲ. ರೈಲು ಹಾದುಹೋಗುತ್ತದೆ, ಶಾಲೆಯ ಗಂಟೆ ಬಾರಿಸುತ್ತದೆ, ಬೇಸಗೆಯ ಜಾತ್ರೆಯ ಬಾಣಬಿರುಸು ಸರಿಯಾಗಿ ಕ್ರಿಯಾಪದದ ಮೇಲೆಯೇ ಸಿಡಿಯುತ್ತದೆ. ಹೀಗೆ ಬಾಯಿ ಸೋತ ಕಡೆ ವಸ್ತುಗಳು ಮಾತನಾಡಬೇಕಾಗುತ್ತದೆ. ಒಂದೇ ಕೊಡೆಯಡಿ ಇಬ್ಬರು ನಡೆದರೆ ಒಂದು ಅರ್ಥ. ಕರಿಹಲಗೆಯ ಮೇಲೆ ಯಾರೋ ತುಂಟರು ಕೊಡೆಯ ಚಿತ್ರ ಬರೆದು ಎರಡು ಪಕ್ಕಕ್ಕೂ ಹೆಸರು ಬರೆದರೆ ಇನ್ನೊಂದು ಅರ್ಥ. ಫೆಬ್ರವರಿ 14ರಂದು ಹೆಣ್ಣು ಗಂಡಿಗೆ ಚಾಕೊಲೇಟು ಕೊಡುತ್ತಾಳೆ. ಗಂಡು ಅದರ ಋಣ ತೀರಿಸಲು ಮಾರ್ಚ್ 14 ಎಂದು ಪ್ರತ್ಯೇಕ ದಿನವೇ ಗೊತ್ತಾಗಿದೆ. ಶಾಲೆ ಬಿಡುವ ದಿನ ಹುಡುಗಿ ಹುಡುಗನ ಕೋಟಿನ ಎರಡನೆಯ ಗುಂಡಿಯನ್ನು ಕೇಳುತ್ತಾಳೆ, ಅದು ಹೃದಯಕ್ಕೆ ಹತ್ತಿರವಾದ ಗುಂಡಿಯೆಂದು. ಗುಂಡಿ ಕಿತ್ತುಕೊಡಲು ಧೈರ್ಯವುಂಟು, ಮಾತು ಕೊಡಲು ಇಲ್ಲ!

ಈ ಹಿಂಜರಿಕೆಯನ್ನೇ ಯುದ್ಧಶಾಸ್ತ್ರವಾಗಿ ಬೆಳೆಸಿದ ಸರಣಿಯೊಂದಿದೆ: ಅಕಾ ಅಕಸಾಕಾ ಅವರ ಚಿತ್ರಕಥೆಯಿಂದ 2019ರಲ್ಲಿ ಮೂಡಿದ ‘ಕಾಗುಯಾ-ಸಾಮಾ’. ಮಹಾಶ್ರೀಮಂತರ ಮಗಳು ಕಾಗುಯಾ. ಸಾಮಾನ್ಯರ ಮನೆಯಿಂದ ಬಂದು ಓದಿನಲ್ಲಿ ಮೊದಲಿಗನಾದ ಶಿರೊಗಾನೆ. ಒಬ್ಬರು ವಿದ್ಯಾರ್ಥಿಸಂಘದ ಉಪಾಧ್ಯಕ್ಷೆ, ಇನ್ನೊಬ್ಬರು ಅಧ್ಯಕ್ಷ. ಮೊದಲು ಒಪ್ಪಿಕೊಂಡವರು ಸೋತಂತೆ ಎಂಬುದು ಇಬ್ಬರ ಸಿದ್ಧಾಂತ. ಆದ್ದರಿಂದ ಎದುರಾಳಿಯ ಬಾಯಿಂದಲೇ ಆ ಮಾತನ್ನು ಹೊರಡಿಸಲು ಇಬ್ಬರೂ ಚಾಣಕ್ಯತಂತ್ರ ಹೂಡುತ್ತಾರೆ. ಪ್ರತಿ ಕಾಳಗದ ಕೊನೆಗೆ ಇಂದು ಯಾರಿಗೆ ಸೋಲು ಎಂದು ಗಂಭೀರವಾಗಿ ಘೋಷಿಸುತ್ತಾರೆ. ಕೋಟ್ಯಧೀಶನ ಮಗಳು ಹುಡುಗನ ಬುತ್ತಿಯಲ್ಲಿರುವ, ಆಕ್ಟೋಪಸ್ಸಿನಂತೆ ಕತ್ತರಿಸಿದ ಸಾಸೇಜಿನ ಒಂದು ತುಂಡಿಗಾಗಿ ಒಳಗೊಳಗೇ ಬೆಂದುಹೋಗುತ್ತಾಳೆ, ಕೇಳಲಾರಳು. ಏನೊಂದೂ ಅರಿಯದ ಗೆಳತಿ ಬಂದು ಸಲೀಸಾಗಿ ಕೇಳಿ ಪಡೆದು ತಿನ್ನುತ್ತಾಳೆ. ಆ ಗಳಿಗೆಯಲ್ಲಿ ಕಾಗುಯಾಳ ಕಣ್ಣಿನಲ್ಲಿ ಕಂಡ ಕ್ರೋಧವನ್ನು ನಾನು ರನ್ನನ ಭೀಮನಲ್ಲಿ ಮಾತ್ರ ಕಂಡಿದ್ದೆ. ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು.

ಆದರೆ ಅದೇ ಸರಣಿಯಲ್ಲಿ ಬಾಣಬಿರುಸಿನ ಪ್ರಸಂಗವೊಂದು ಬರುತ್ತದೆ. ಮನೆಯವರ ಕಟ್ಟಿನಿಂದ ಗೆಳೆಯರೊಡನೆ ಹೋಗಲಾರದೆ ಉಳಿದ ಕಾಗುಯಾಳನ್ನು ಶಿರೊಗಾನೆ ಹುಡುಕಿ ಹಿಡಿದು, ಟ್ಯಾಕ್ಸಿಯಲ್ಲಿ ಎಲ್ಲರೊಡನೆ ಓಡಿಸಿಕೊಂಡು ಹೋಗಿ ಬಾಣಬಿರುಸು ತೋರಿಸುತ್ತಾನೆ. ಅವಳಿಗೆ ಅದರ ಸದ್ದೇ ಕೇಳಿಸುವುದಿಲ್ಲ. ತನ್ನ ಎದೆಯ ಬಡಿತ ಅಷ್ಟು ಜೋರಾಗಿದೆ. ಬಾಣಬಿರುಸು ಮಾತನ್ನು ಮುಳುಗಿಸಿದ ಕಥೆಗಳನ್ನು ನೋಡಿ ನೋಡಿ ಸಾಕಾಗಿದ್ದ ನನಗೆ, ಎದೆಯೇ ಬಾಣಬಿರುಸನ್ನು ಮುಳುಗಿಸಿದ ಈ ಕಲ್ಪನೆ ಹಿಡಿಸಿಬಿಟ್ಟಿತು.

ಅಧ್ಯಾಪಕನಿಗೆ ಒಂದು ವಸ್ತು ಹಿಡಿಸಿದರೆ ಅದಕ್ಕೊಂದು ಲಕ್ಷಣ ಹೇಳದೆ ನಿದ್ರೆ ಬಾರದು. ಮರುರಾತ್ರಿ ಮಗಳಿಗೆ ವಿವರಿಸಿದೆ: ಇದು ವಿಪ್ರಲಂಭ ಶೃಂಗಾರ, ಅದರಲ್ಲೂ ಪೂರ್ವರಾಗ. ಅಭಿಲಾಷೆ, ಚಿಂತೆ, ಸ್ಮೃತಿ, ಗುಣಕಥನ ಎಂದು ಅದಕ್ಕೆ ಹತ್ತು ಅವಸ್ಥೆಗಳು. ಇನ್ನು ಈ ಹುಡುಗರು ಬಾಯಿಬಿಡದಿರುವುದು ಹೇಡಿತನವಲ್ಲ, ಶಾಸ್ತ್ರನಿಷ್ಠೆ. ರಸವನ್ನಾಗಲಿ ಭಾವವನ್ನಾಗಲಿ ಅದರ ಹೆಸರು ಹಿಡಿದು ಹೇಳಿಬಿಟ್ಟರೆ ಅದು ದೋಷವೆಂದು, ಸ್ವಶಬ್ದವಾಚ್ಯತೆಯೆಂದು, ನಮ್ಮ ಆಲಂಕಾರಿಕರು ವಿಧಿಸಿದ್ದಾರೆ. ಪ್ರೀತಿಯೆಂದು ಹೇಳಕೂಡದು, ಅದು ಧ್ವನಿಸಬೇಕು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಹಾಕಿಕೊಟ್ಟ ದಾರಿಯಲ್ಲಿ ಟೋಕಿಯೊ ಹುಡುಗರು ನಡೆಯುತ್ತಿದ್ದಾರೆ!

“ಅಪ್ಪಾ, ಇದಕ್ಕೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು?” ಎಂದಳು ಮಗಳು. “ಸುಮ್ಮನೆ ನೋಡಿ.”

ಸುಮ್ಮನೆ ನೋಡಿದೆ. ನನ್ನ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದುದು ‘ಶಿಗತ್ಸು ವ ಕಿಮಿ ನೊ ಉಸೊ’ ಎಂಬ, 2014-15ರಲ್ಲಿ ಬಂದ ಇಪ್ಪತ್ತೆರಡು ಕಂತುಗಳ ಸರಣಿಯಿಂದ. ‘ಏಪ್ರಿಲ್ ತಿಂಗಳಿನಲ್ಲಿ ನಿನ್ನ ಸುಳ್ಳು’ ಎಂದು ಹೆಸರು. ತಾಯಿ ಸತ್ತ ಮೇಲೆ ತಾನು ನುಡಿಸುವ ಪಿಯಾನೋದ ನಾದವೇ ಕೇಳಿಸದಂತಾದ ಹುಡುಗ ಕೋಸೆ. ಅವನನ್ನು ಮತ್ತೆ ವೇದಿಕೆಗೆ ಎಳೆದು ತರುವ ಪಿಟೀಲಿನ ಹುಡುಗಿ ಕಾವೊರಿ. ಅವಳು ಮೊದಲೇ ಹೇಳಿಬಿಟ್ಟಿದ್ದಾಳೆ, ತನಗೆ ಇಷ್ಟವಾದವನು ಇವನ ಗೆಳೆಯನೆಂದು. ಅದೇ ಆ ಸುಳ್ಳು. ಅದು ಸುಳ್ಳೆಂದು ಇವನಿಗೆ ತಿಳಿಯುವುದು ಅವಳು ಬರೆದಿಟ್ಟ ಕಾಗದದಿಂದ. ಆ ಕಾಗದ ಕೈಸೇರುವ ವೇಳೆಗೆ ಅವಳಿಲ್ಲ. ಅಲ್ಲಿ ಧ್ವನಿಯಿಲ್ಲ, ವ್ಯಂಜನೆಯಿಲ್ಲ, ನೇರವಾದ ಮಾತಿದೆ. ಉತ್ತರ ಹೇಳಲು ಮಾತ್ರ ಎದುರಿಗೆ ಯಾರೂ ಇಲ್ಲ. ನಾನು ಕನ್ನಡಕ ತೆಗೆದು ಒರಸಿಕೊಂಡೆ. ಕನ್ನಡಕ ಶುಭ್ರವಾಗಿಯೇ ಇತ್ತು.

ಇಷ್ಟು ದಿನ ನಮ್ಮ ಮನೆಯಾಕೆ ಈ ಗೋಷ್ಠಿಗೆ ಸೇರಿರಲಿಲ್ಲ. “ಅಪ್ಪ ಮಗಳಿಗೆ ಬೇರೆ ಕೆಲಸವಿಲ್ಲ” ಎಂಬುದು ಆಕೆಯ ವಿಮರ್ಶೆ. ಆಕೆಯನ್ನು ಎಳೆದು ತಂದುದು ‘ಮೆಜೋನ್ ಇಕ್ಕೊಕು’. ರುಮಿಕೊ ತಕಹಾಶಿ 1980ರಿಂದ 1987ರವರೆಗೆ ಬರೆದ ಚಿತ್ರಕಥೆಯಿದು. 1986ರಿಂದ 1988ರವರೆಗೆ ಕಿರುತೆರೆಯ ಮೇಲೆ ತೊಂಬತ್ತಾರು ಕಂತುಗಳಾಗಿ ಬಂತು. ಇಲ್ಲಿ ಶಾಲೆಯ ಮಕ್ಕಳ ಬದಲು ಒಂದು ಹಳೆಯ ಮರದ ಮನೆ. ನಮ್ಮ ಕಡೆಯ ವಠಾರವೆಂದೇ ತಿಳಿಯಿರಿ. ಬಾಡಿಗೆದಾರ ಗೊದೈ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಬಡ ಹುಡುಗ. ಅವನ ಕೋಣೆಯಲ್ಲಿ ರಾತ್ರಿಯೆಲ್ಲ ಕುಡಿದು ಕುಣಿಯುವ ನೆರೆಯವರು. ಮನೆಯ ಮೇಲ್ವಿಚಾರಣೆಗೆ ಬಂದ ಕ್ಯೋಕೊ, ಅವನಿಗಿಂತ ಹಿರಿಯಳಾದ ಎಳೆಯ ವಿಧವೆ. ತೀರಿಕೊಂಡ ಗಂಡನ ಹೆಸರು ಸೊಇಚಿರೊ. ಅವಳ ನಾಯಿಯ ಹೆಸರೂ ಅದೇ.

ಅವರೆಕಾಯಿಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಕುಳಿತಾಕೆ ಎರಡನೆಯ ದಿನದಿಂದ ನನಗಿಂತ ಜೋರಾಗಿ ಕೂಗತೊಡಗಿದಳು. ಗೊದೈ ಮೊದಮೊದಲಿನಲ್ಲೇ ತನ್ನ ಪ್ರೀತಿಯನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ, ನಿಜ. ಆದರೆ ಕುಡಿದ ಅಮಲಿನಲ್ಲಿ. ಆಮೇಲೆ ವರ್ಷಗಟ್ಟಲೆ ಬಾಯಿಲ್ಲ. ಎದುರಾಳಿಯಾಗಿ ಮಿತಾಕಾ ಎಂಬ ಸುಂದರನಾದ ಟೆನಿಸ್ ಶಿಕ್ಷಕ ಇದ್ದಾನೆ. ಹಣವಂತ, ಹಲ್ಲು ಹೊಳೆಯುವಂತೆ ನಗುವವನು. ನಾಯಿ ಕಂಡರೆ ಮಾತ್ರ ಪ್ರಾಣಭಯ. ಕೊನೆಗೆ ಅವನ ಗತಿಯಾದರೂ ಏನು? ತನಗೆ ಗೊತ್ತುಮಾಡಿದ್ದ ಹುಡುಗಿ ತನ್ನಿಂದ ಗರ್ಭಿಣಿಯಾಗಿದ್ದಾಳೆಂದು ತಪ್ಪು ತಿಳಿದು ಅವಳನ್ನು ಮದುವೆಯಾಗಲು ಮಾತು ಕೊಡುತ್ತಾನೆ. ಗರ್ಭಿಣಿಯಾಗಿದ್ದುದು ಅವಳ ನಾಯಿ! ನಮ್ಮ ಮನೆಯಾಕೆ ನಕ್ಕ ರಭಸಕ್ಕೆ ಅವರೆಕಾಳು ನಡುಮನೆಯೆಲ್ಲ ಚೆಲ್ಲಿತು. ಆರಿಸಿದವನು ನಾನು.

ಹಾಗೆ ಆರಿಸುತ್ತಿದ್ದಾಗ ಮಗಳು ಒಂದು ಮಾತು ಹೇಳಿದಳು. ಜಪಾನಿನಲ್ಲಿ ಪರಿಚಯದವರು ಮನೆತನದ ಹೆಸರಿನಿಂದ ಕರೆಯುತ್ತಾರಂತೆ. ಇಟ್ಟ ಹೆಸರಿನಿಂದ ಕರೆಯಬೇಕಾದರೆ ಮನಸ್ಸು ಹತ್ತಿರವಾಗಿರಬೇಕು. ಗೊದೈ ಎದುರಿಗಿದ್ದಾಗ ಕ್ಯೋಕೊಳನ್ನು ಸಾಮಾನ್ಯವಾಗಿ ‘ಕನ್ರಿನಿನ್-ಸಾನ್’, ಎಂದರೆ ‘ಮೇಲ್ವಿಚಾರಕರೇ’ ಎಂದೇ ಕರೆಯುತ್ತಾನೆ. “ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಹೆಸರು ಹಿಡಿದು ಕರೆಯಲಾರನೇ, ಅಧಮ!” ಎಂದು ನಾನು ಹಂಗಿಸಿದೆ.

“ಅಮ್ಮನನ್ನು ನೀವು ಏನೆಂದು ಕರೆಯುತ್ತೀರಿ?” ಎಂದಳು ಮಗಳು.

ಮೊರದ ಮೇಲಿನ ಕೈ ಓಡುತ್ತಲೇ ಇತ್ತು. ನಾನು ಉತ್ತರ ಹೇಳಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ನಾನು ‘ಇವಳೇ’ ಎನ್ನುತ್ತೇನೆ; ಆಕೆ ‘ರೀ’ ಎನ್ನುತ್ತಾಳೆ. ಈ ಎರಡು ಸಂಬೋಧನೆಗಳಲ್ಲಿ ಸಂಸಾರ ಸಾಗಿದೆ. ಲಗ್ನಪತ್ರಿಕೆಯಲ್ಲಿ ಅಚ್ಚಾದ ಆಕೆಯ ಹೆಸರನ್ನು ನಾನು ಬರೆದದ್ದುಂಟು, ಪಡಿತರ ಚೀಟಿಗೆ, ಬ್ಯಾಂಕಿಗೆ. ಬಾಯಿಬಿಟ್ಟು ಕರೆದದ್ದು ನೆನಪಿಲ್ಲ.

ಕೊನೆಯ ಕಂತುಗಳು ಬಂದುವು. ಗೊದೈ ಈಗ ಹುಡುಗನಲ್ಲ. ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕಲಿತು, ಅದರ ಪರೀಕ್ಷೆ ಪಾಸು ಮಾಡಿದವನು. ಮದುವೆಗೆ ಮುಂಚೆ ಕ್ಯೋಕೊಳ ಮೊದಲ ಗಂಡನ ಸಮಾಧಿಗೆ ಹೋಗಿ, ಅವಳ ಮನಸ್ಸಿನಲ್ಲಿರುವ ನಿನ್ನನ್ನೂ ಕೂಡಿಯೇ ಅವಳನ್ನು ಸ್ವೀಕರಿಸುತ್ತೇನೆಂಬ ಅರ್ಥದ ಮಾತನಾಡುತ್ತಾನೆ. ಅವಳಾದರೋ ತನ್ನನ್ನು ಕೈಹಿಡಿಯುವವನಲ್ಲಿ ಕೇಳುವುದು ಒಂದೇ: ತನಗಿಂತ ಒಂದು ದಿನವಾದರೂ ಹೆಚ್ಚು ಬದುಕಿರಬೇಕು, ಮತ್ತೊಮ್ಮೆ ಒಂಟಿಯಾಗಿರುವುದು ತನ್ನಿಂದಾಗದು.

ನಮ್ಮ ಮನೆಯಾಕೆಯ ಕೈ ನಿಂತಿತು. ಮಗಳೂ ಮಾತನಾಡಲಿಲ್ಲ. ನನಗೆ ಮೂರು ವರ್ಷದ ಹಿಂದಿನ ಒಂದು ಬೆಳಗು ನೆನಪಾಯಿತು. ಆಕೆಗೆ ಶಸ್ತ್ರಚಿಕಿತ್ಸೆ. ಒಳಗೆ ಕರೆದೊಯ್ಯಲು ಗಾಲಿಮಂಚ ಬಂದಿತ್ತು. ಏನೋ ಒಂದು ಮಾತು ನನ್ನ ಗಂಟಲಿನವರೆಗೆ ಬಂತು, ಬಾಯಿಗೆ ಬಂದಾಗ ಅದು “ನೀರು ಬೇಕೇ?” ಎಂದಾಗಿತ್ತು. “ಆಪರೇಷನ್ನಿಗೆ ಮುಂಚೆ ನೀರು ಕೊಡಬಾರದೆಂದು ಗೊತ್ತಿಲ್ಲವೇ?” ಎಂದು ದಾದಿ ಗದರಿದಳು. ಆಕೆ ನಕ್ಕಳು, ಬಾಗಿಲು ಮುಚ್ಚಿತು. ಎರಡೂವರೆ ಗಂಟೆಗಳ ಕಾಲ ಆ ಬಾಗಿಲಿನ ಮುಂದೆ ಕುಳಿತು, ದೇವರಲ್ಲಿ ನಾನು ಕೇಳಿಕೊಂಡುದೂ ಒಂದು ರೀತಿಯಲ್ಲಿ ಕ್ಯೋಕೊ ಕೇಳಿದುದನ್ನೇ. ಆಕೆ ಗುಣವಾಗಿ ಮನೆಗೆ ಬಂದಳು. ಆ ಮಾತು ಮಾತ್ರ ಇನ್ನೂ ಹೊರಬಂದಿಲ್ಲ.

ಆನಂದವರ್ಧನನ ಮೇಲೆ ನನಗೆ ಈಗಲೂ ಗೌರವವುಂಟು. ಆದರೆ ಆತ ಹೇಳಿದುದು ಕಾವ್ಯಕ್ಕೆ. ಕಾವ್ಯವನ್ನು ಮತ್ತೆ ಮತ್ತೆ ತಿರುವಿಹಾಕಿ ಅದರ ಧ್ವನಿಯನ್ನು ಗ್ರಹಿಸಲು ಸಹೃದಯನಿಗೆ ಬೇಕಾದಷ್ಟು ಹೊತ್ತಿದೆ. ಮನೆಯಲ್ಲಿ ಅಷ್ಟು ಹೊತ್ತಿದೆಯೆಂದು ಯಾರು ಹೇಳಬಲ್ಲರು? “ಊಟವಾಯಿತೇ?” “ಔಷಧಿ ತೆಗೆದುಕೊಂಡೆಯಾ?” ಎಂಬ ನಮ್ಮ ಮಾತುಗಳಲ್ಲೆಲ್ಲ ಪ್ರೀತಿ ಧ್ವನಿಸುತ್ತದೆಯೆಂದು ನಾವು ನಂಬಿದ್ದೇವೆ. ಧ್ವನಿಸುತ್ತಿರಲೂಬಹುದು. ಆದರೂ ಕಾವ್ಯದಲ್ಲಿ ದೋಷವಾದ ಸ್ವಶಬ್ದವಾಚ್ಯತೆ ಸಂಸಾರದಲ್ಲಿ ಒಮ್ಮೆಯಾದರೂ ಗುಣವಾಗಬಹುದೆಂದು ನನಗೆ ತೋರಿತು.

ಮರುದಿನ ಬೆಳಿಗ್ಗೆ ನಿಶ್ಚಯ ಮಾಡಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಆಕೆ ಒಲೆಯ ಕಡೆ ತಿರುಗಿ ನಿಂತಿದ್ದಳು. ಮುಷ್ಟಿ ತಾನಾಗಿ ಬಿಗಿಯಿತು, ಕಿವಿ ಬಿಸಿಯಾಯಿತು. ಆ ಬಡಪಾಯಿ ಹುಡುಗರನ್ನೆಲ್ಲ ಮನಸ್ಸಿನಲ್ಲೇ ಕ್ಷಮೆ ಬೇಡಿ, ಉಸಿರೆಳೆದು, ಆಕೆಯ ಹೆಸರು ಹಿಡಿದು ಕರೆದೆ. ಸರಿಯಾಗಿ ಆ ಕ್ಷಣಕ್ಕೆ ಕುಕ್ಕರು ಕೂಗಿತು.

“ಏನ್ರೀ ಅಂದಿರಿ?” ಎಂದು ಆಕೆ ತಿರುಗಿದಳು.

“ಏನಿಲ್ಲ” ಎಂದೆ.

ನಡುಮನೆಯಿಂದ ಮಗಳ ದನಿ ಕೇಳಿಸಿತು: “ನಂದೆಮೊನಾಯ್!”

ಕುಕ್ಕರಿನ ಸದ್ದು ಅಡಗಿದ ಮೇಲೆ ಇನ್ನೊಮ್ಮೆ ಕರೆದೆ. ಆಕೆ ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಓದುಗರು ಮನ್ನಿಸಬೇಕು. ಹತ್ತೊಂಬತ್ತು ವರ್ಷಕ್ಕೆ ಒಂದು ಕಂತು ಸಾಗಿದೆ. ಉಳಿದ ಮಾತಿಗೆ ಮುಂದಿನ ಕಂತು.