ಸದ್ದು ಹೋಗದ ರೂಮಿಂದ ಬಿಸಿಯೂ ಹೋಗಲ್ಲ

ಮನೇಲಿ ಒಂದು ರೆಕಾರ್ಡಿಂಗ್ ರೂಮ್ ಮಾಡ್ಬೇಕು ಅಂದ ತಕ್ಷಣ ನಾವೆಲ್ಲ ಮೊದಲು ಹುಡುಕೋದು ಫೋಮ್. ಅದನ್ನ ಗೋಡೆಗೆ ಅಂಟಿಸಿ ಮುಗಿದ ಮೇಲೆ ಪ್ಲಗ್ ಎಲ್ಲಿ, ಫ್ಯಾನ್ ಸದ್ದಿಗೆ ಏನ್ಮಾಡೋದು ಅಂತ ತಲೆ ಕೆಡಿಸ್ಕೊಳ್ತೀವಿ. ನಾವು ಹೇಳೋದು ಇಷ್ಟೇ: ಈ ಕ್ರಮವನ್ನ ತಿರುಗಿಸಿ. ಕರೆಂಟು, ಬೆಳಕು, ಗಾಳಿ ಮೂರನ್ನೂ ಕಾಗದದ ಮೇಲೆ ಮುಗಿಸಿ, ಆಮೇಲೆ ಗೋಡೆಗೆ ಕೈ ಹಾಕಿ.

ರಾಮನಗರ ಸೀಮೆಯಲ್ಲಿ ಹಾಡುವವರಿಗೆ ಬರವಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ಇಲ್ಲೇ, ಬೆಂಗಳೂರು–ಮೈಸೂರು ರಸ್ತೆ ಬದಿಯಲ್ಲಿದೆ. ಜನಪದ ಹಾಡುಗಳನ್ನ ಧ್ವನಿಮುದ್ರಿಸಿ ಉಳಿಸೋ ಕೆಲಸಕ್ಕೆ ಅವರು ದೊಡ್ಡ ದಾರಿ ಹಾಕಿಕೊಟ್ಟರು. ಇವತ್ತು ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆ ಮೈಕ್ ಇದ್ದರೆ ಮಾಗಡಿಯ ಮನೆಯೊಂದರಲ್ಲೂ ಆ ಕೆಲಸ ಸಾಧ್ಯ. ಆದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸೋಬಾನೆ ಹಾಡೋಕೆ ಬಂದು, ಏಪ್ರಿಲ್ ಮಧ್ಯಾಹ್ನ ಗಾಳಿಯಾಡದ ರೂಮಲ್ಲಿ ಅರ್ಧ ಗಂಟೆ ಕೂತರೆ ಏನಾಗುತ್ತೆ? ಅದನ್ನ ಯೋಚಿಸಿಯೇ ಪ್ಲಾನ್ ಶುರು ಮಾಡ್ಬೇಕು.

ಮೊದಲು ಸದ್ದಿನ ಲೆಕ್ಕ. ರಾಮನಗರ, ಚನ್ನಪಟ್ಟಣದಲ್ಲಾದರೆ ರೈಲು, ಹೆದ್ದಾರಿ. ಜೊತೆಗೆ ಪಕ್ಕದಲ್ಲಿ ರೇಷ್ಮೆ ರೀಲಿಂಗ್ ಮೋಟಾರೋ ಗೊಂಬೆ ಮಾಡೋ ಲೇತೋ ಇರಬಹುದು. ಕನಕಪುರ, ಮಾಗಡಿಗೆ ರೈಲು ಹಳಿ ಇಲ್ಲ, ಆದರೆ ಬಸ್ಸು, ಬೋರ್‌ವೆಲ್ ಪಂಪು ಇದ್ದೇ ಇವೆ. ಇದ್ಯಾವುದನ್ನೂ ಫೋಮ್ ತಡೆಯಲ್ಲ. ಅದು ರೂಮಿನೊಳಗಿನ ಪ್ರತಿಧ್ವನಿಯನ್ನ ಹೀರುತ್ತೆ, ಅಷ್ಟೇ. ಹೊರಗಿನ ಸದ್ದನ್ನ ತಡೆಯೋದು ಗೋಡೆಯ ತೂಕ, ಮತ್ತು ಸಂದಿಯೇ ಇಲ್ಲದಂತೆ ಮುಚ್ಚೋದು. 9 ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತೆ ಅಂದ್ಕೊಳ್ಳಿ. 100 ಚದರಡಿಯ ಆ ಗೋಡೆಯಲ್ಲಿ 3 ಅಡಿ ಅಗಲದ ಬಾಗಿಲು, ಅದರ ಕೆಳಗೆ ಅರ್ಧ ಇಂಚು ಸಂದಿ. ಸಂದಿಯ ವಿಸ್ತೀರ್ಣ ಗೋಡೆಯ ಶೇ. 0.125 ಮಾತ್ರ. ಆದರೂ ಬಾಗಿಲು ಎಷ್ಟೇ ಗಟ್ಟಿಯಿರಲಿ, ಒಟ್ಟು ತಡೆ 29 ಡೆಸಿಬಲ್ ದಾಟಲ್ಲ. ಹಾಗಾಗಿ ವೈರಿಗೆ, ಎಸಿ ಪೈಪಿಗೆ ಕೊರೆಯೋ ಒಂದೊಂದು ತೂತೂ ಲೆಕ್ಕಕ್ಕೆ ಬರುತ್ತೆ.

ಸಂದಿಗಳನ್ನೆಲ್ಲ ಮುಚ್ಚಿದ್ರಿ ಅಂತಿಟ್ಕೊಳ್ಳಿ. ಈಗ ಬಿಸಿಯ ಲೆಕ್ಕ. 10×12 ಅಡಿ ರೂಮು, 10 ಅಡಿ ಎತ್ತರ: ಒಳಗೆ ಸುಮಾರು 34 ಘನ ಮೀಟರ್, ಅಂದರೆ 40 ಕೆಜಿ ಗಾಳಿ. ಇಬ್ಬರು ಮನುಷ್ಯರಿಂದ 200 ವಾಟ್, ಕಂಪ್ಯೂಟರ್ ಮತ್ತು ಸ್ಪೀಕರ್‌ಗಳಿಂದ 200, ಲೈಟಿನಿಂದ 50. ಈ 450 ವಾಟ್ ಪೂರ್ತಿ ಗಾಳಿಗೇ ಸೇರಿದರೆ ನಿಮಿಷಕ್ಕೆ ಮುಕ್ಕಾಲು ಡಿಗ್ರಿಯ ಹತ್ತಿರ ಏರುತ್ತೆ. ನಿಜದಲ್ಲಿ ಗೋಡೆ, ತಾರಸಿ ಒಂದಷ್ಟು ಬಿಸಿ ಎಳ್ಕೊಳ್ಳುತ್ತವೆ. ಆದರೆ ಗೋಡೆ ತುಂಬ ರಾಕ್‌ವುಲ್ ಹಾಕಿದ್ರೆ ಅದೂ ಕಡಿಮೆಯಾಗುತ್ತೆ, ಯಾಕಂದ್ರೆ ಸದ್ದು ಹೀರೋ ರಾಕ್‌ವುಲ್ ಬಿಸಿಯನ್ನೂ ತಡೆಯೋ ವಸ್ತು. ಇನ್ನು ಮೇಲೆ ಆರ್‌ಸಿಸಿ ತಾರಸಿ ಇಡೀ ಹಗಲು ಕಾದಿರುತ್ತೆ.

ಅದಕ್ಕೆ ಎಸಿ ಬೇಕೇ ಬೇಕು. ಒಂದು ಟನ್ ಅಂದರೆ ಸುಮಾರು 3500 ವಾಟ್ ತಂಪು; ಈ ಅಳತೆಯ ರೂಮಿಗೆ ಸಾಮಾನ್ಯವಾಗಿ ಸಾಕು. ವಿಂಡೋ ಎಸಿ ಬೇಡ, ಅದು ಗೋಡೆಯಲ್ಲೇ ದೊಡ್ಡ ತೂತು. ಇನ್ವರ್ಟರ್ ಸ್ಪ್ಲಿಟ್ ತಗೊಳ್ಳಿ. ಹೊರಗಿನ ಯೂನಿಟ್ಟನ್ನ ಸ್ಟುಡಿಯೋ ಗೋಡೆಗೆ ನೇತು ಹಾಕದೆ, ನೆಲದ ಮೇಲೆ ರಬ್ಬರ್ ಪ್ಯಾಡ್ ಹಾಕಿ ಕೂರಿಸಿ. ಒಂದು ವಿಷಯ ಮರೀಬೇಡಿ: ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತೆ, ಹೊಸ ಗಾಳಿ ತರಲ್ಲ. ಇಬ್ಬರಿಗೆ ಸೆಕೆಂಡಿಗೆ 20 ಲೀಟರ್ ಹೊಸ ಗಾಳಿ ಬೇಕು ಅಂದ್ಕೊಳ್ಳಿ. ಅದು 4 ಇಂಚಿನ ಪೈಪಲ್ಲಿ ಬಂದರೆ ವೇಗ ಸುಮಾರು 2.5 ಮೀಟರ್, 6 ಇಂಚಿನದರಲ್ಲಿ 1.1 ಮೀಟರ್. ವೇಗ ಎರಡು ಪಟ್ಟಾದರೆ ಗಾಳಿಯ ಸದ್ದು 15 ಡೆಸಿಬಲ್‌ನಷ್ಟು ಏರುತ್ತೆ. ಆದ್ದರಿಂದ ದಪ್ಪ ಪೈಪು, ನಿಧಾನ ಗಾಳಿ. ಆ ಪೈಪಿಗೆ ಒಳಗಡೆ ಸದ್ದು ಹೀರೋ ಪದರ ಹಾಕಿ, ಎರಡು ಮೂರು ಕಡೆ ತಿರುವು ಕೊಟ್ಟರೆ ಗಾಳಿ ಬರುತ್ತೆ, ಬೀದಿ ಸದ್ದು ಕಡಿಮೆಯಾಗುತ್ತೆ. ಒಳಗೆ ಬರೋಕೆ ಒಂದು, ಹೊರಗೆ ಹೋಗೋಕೆ ಒಂದು ದಾರಿ, ಎರಡೂ ಬೇಕು.

ಕರೆಂಟಿನ ವಿಷಯಕ್ಕೆ ಬರೋಣ. ಎಸಿಗೆ ಬೇರೆ ಎಂಸಿಬಿ, ಬೇರೆ ಲೈನು. ಆಡಿಯೋ ಉಪಕರಣಗಳೆಲ್ಲ ಒಂದೇ ಲೈನಿಂದ, ಒಂದೇ ಅರ್ಥಿನಿಂದ. ಬೇರೆ ಬೇರೆ ಕಡೆಯಿಂದ ತಗೊಂಡ್ರೆ ಗ್ರೌಂಡ್ ಲೂಪ್ ಆಗಿ 50 ಹರ್ಟ್ಸ್ ಗುಂಯ್ ಶುರುವಾಗುತ್ತೆ. ಆ ಗುಂಯ್ ತೆಗೆಯೋಕೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದು ಹಾಕ್ತಾರೆ. ಅದನ್ನ ಮಾತ್ರ ಯಾವತ್ತೂ ಮಾಡ್ಬೇಡಿ. ಮೈಕ್ ಹಿಡಿದಿರೋ ಕೈಗೆ, ಗಿಟಾರ್ ತಂತಿ ಮೇಲಿರೋ ಬೆರಳಿಗೆ ಶಾಕ್ ಹೊಡೆಯೋ ದಾರಿ ಅದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಮೈಕ್ ಕೇಬಲ್ಲಿಗೂ ಕರೆಂಟು ವೈರಿಗೂ ಬೇರೆ ಬೇರೆ ಪೈಪು; ದಾಟಲೇಬೇಕಾದ ಕಡೆ 90 ಡಿಗ್ರಿಯಲ್ಲಿ ದಾಟಿಸಿ. ಗೋಡೆಯ ಎರಡೂ ಬದಿ ಒಂದೇ ಜಾಗದಲ್ಲಿ ಸ್ವಿಚ್ ಬಾಕ್ಸ್ ಕೊರೆದ್ರೆ ಅಲ್ಲಿ ಗೋಡೆ ತೆಳ್ಳಗಾಗುತ್ತೆ, ಅದೂ ಬೇಡ.

ಬೆಳಕು ಸುಲಭ ಅನ್ಸುತ್ತೆ, ಅಲ್ಲ. ಸೀಲಿಂಗ್ ಕೊರೆದು ಕೂರಿಸೋ ಡೌನ್‌ಲೈಟ್ ಒಂದೊಂದೂ ಒಂದು ತೂತು; ಮೇಲ್ಮೈ ಮೇಲೆ ಕೂರೋ ಎಲ್ಇಡಿ ವಾಸಿ. ಹಳೇ ಚೋಕ್ ಟ್ಯೂಬ್‌ಲೈಟು 100 ಹರ್ಟ್ಸ್‌ನಲ್ಲಿ ಗುನುಗುತ್ತೆ. ಸಾಮಾನ್ಯ ಡಿಮ್ಮರ್ ಗಿಟಾರ್ ಪಿಕಪ್ಪಿಗೆ ಸದ್ದು ತುಂಬುತ್ತೆ. ಎಲ್ಇಡಿ ಸ್ಟ್ರಿಪ್ ಹಾಕೋದಾದ್ರೆ ಅದರ ಡ್ರೈವರನ್ನ ಹೊರಗಿಡಿ. ಯುಪಿಎಸ್ ಕೂಡ ಹೊರಗೇ ಇರಲಿ.

ಕೊನೆಗೆ ಬೆಂಕಿ. ಅಗ್ಗದ ಪಾಲಿಯುರಿಥೇನ್ ಫೋಮ್ ಬೇಗ ಹತ್ತಿಕೊಳ್ಳುತ್ತೆ, ಅದರ ಹೊಗೆಯಲ್ಲಿ ಸೈನೈಡ್ ಇರುತ್ತೆ. ಮೊಟ್ಟೆ ಟ್ರೇ ಸದ್ದಿಗೂ ಹೆಚ್ಚು ಪ್ರಯೋಜನವಿಲ್ಲ, ಬೆಂಕಿಗಂತೂ ಸೌದೆ. ಬಿಸಿಯಾಗೋ ಡ್ರೈವರ್, ಸಡಿಲ ಜಾಯಿಂಟು, ಅದರ ಪಕ್ಕ ಫೋಮ್, ಕಿಟಕಿ ಮುಚ್ಚಿದ ರೂಮು: ಇವೆಲ್ಲ ಒಟ್ಟಿಗೆ ಸೇರಬಾರದು. ಬಟ್ಟೆ ಸುತ್ತಿದ ರಾಕ್‌ವುಲ್ ಪ್ಯಾನೆಲ್ ಬಳಸಿ, ಪ್ಯಾನೆಲ್ ಹಿಂದೆ ವೈರ್ ಜಾಯಿಂಟ್ ಬಿಡಬೇಡಿ. ಬಾಗಿಲು ಒಳಗಿಂದ ಬೀಗದ ಕೈ ಇಲ್ಲದೆ ತೆರೆಯುವಂತಿರಲಿ.

ಕ್ರಮ ಹೀಗಿರಲಿ: ಮೊದಲು ಕೂರೋ ಜಾಗ, ಪ್ಯಾನೆಲ್ ಜಾಗ ಗುರುತಿಸಿ, ಅವುಗಳ ನಡುವಿನ ಖಾಲಿ ಗೋಡೆಯಲ್ಲಿ ಪ್ಲಗ್ ಪಾಯಿಂಟ್, ಆಮೇಲೆ ಗಾಳಿ ಪೈಪು, ಎಸಿ ಪೈಪು, ಆಮೇಲೆ ಲೈಟು, ತೂತುಗಳೆಲ್ಲ ಸೀಲಾದ ಮೇಲೆ ಪ್ಯಾನೆಲ್. ಹಬ್ಬಕ್ಕೆ ಊರಿಗೆ ಹೋದಾಗ ಖಾಲಿ ರೂಮ್ ಕಣ್ಣಿಗೆ ಬಿದ್ರೆ, ಫೋಮ್ ಆರ್ಡರ್ ಮಾಡೋ ಮುಂಚೆ ಟೇಪ್ ಹಿಡಿದು ಅಳತೆ ತಗೊಂಡು ಬನ್ನಿ. ಇಸಿ, ಇಇ, ಮೆಕ್ಯಾನಿಕಲ್, ಸಿವಿಲ್ ನಾಲ್ಕೂ ಬ್ರಾಂಚಿನವರು ಒಂದೇ ಮೇಜಿಗೆ ಕೂತು ಮಾಡ್ಬೇಕಾದ ಕೆಲಸ ಇದು.