ಬಡಿತಕ್ಕೊಂದು ಅಳತೆ

ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಫರಸಿ ಕಲ್ಲನ್ನು ಒಮ್ಮೆ ಅಳೆದರೆ ಮುಗಿಯಿತು. ನಾಳೆಯೂ ಅದೇ ಅಳತೆ. ಎದೆಯೊಳಗಿನ ಮಹಾಪಧಮನಿ ಹಾಗಲ್ಲ. ಹೃದಯದಿಂದ ಹೊರಡುವ ಈ ದೊಡ್ಡ ರಕ್ತನಾಳ ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತದೆ, ಅದರ ಬುಡ ಕೆಳಕ್ಕೆ ಜಗ್ಗಿ ಮತ್ತೆ ಮೇಲೇಳುತ್ತದೆ.

ಈ ಚಲನೆಯನ್ನು ಎಂಆರ್‌ಐ ಹಿಡಿಯುತ್ತದೆ. ಎದೆಗೆ ಇಸಿಜಿ ತಂತಿ ಅಂಟಿಸಿರುತ್ತಾರೆ. ಯಂತ್ರ ಬಡಿತದ ತಾಳಕ್ಕೆ ಚಿತ್ರ ತೆಗೆಯುತ್ತದೆ. ‘ಉಸಿರು ಹಿಡೀರಿ’ ಎಂದಾಗ ಹತ್ತು-ಹದಿನೈದು ಸೆಕೆಂಡು ಹಿಡಿಯಬೇಕು. ಹಲವು ಬಡಿತಗಳಿಂದ ಆಯ್ದ ಚಿತ್ರಗಳನ್ನು ಜೋಡಿಸಿದರೆ ಒಂದೇ ಬಡಿತದ ಪುಟ್ಟ ಸಿನಿಮಾ ಸಿದ್ಧ. ನಾಳ ಪೂರ್ತಿ ಹಿಗ್ಗಿದಾಗ ಎಷ್ಟು, ಕುಗ್ಗಿದಾಗ ಎಷ್ಟು ಎಂದು ಅದರಲ್ಲಿ ಅಳೆದು, ಬಿ.ಪಿ.ಯನ್ನೂ ಲೆಕ್ಕಕ್ಕೆ ಸೇರಿಸಿದರೆ ನಾಳದ ಗೋಡೆ ಎಷ್ಟು ಬಿರುಸಾಗಿದೆ ಎಂಬುದು ತಿಳಿಯುತ್ತದೆ. ವಯಸ್ಸು, ರಕ್ತದೊತ್ತಡ ಏರಿದಂತೆ ಗೋಡೆ ಬಿರುಸಾಗುತ್ತದೆ.

ವಯಸ್ಕರಲ್ಲಿ ಮಹಾಪಧಮನಿಯ ಮೇಲೇರುವ ಭಾಗದ ವ್ಯಾಸ ಸಾಮಾನ್ಯವಾಗಿ 4 ಸೆಂ.ಮೀ. ಒಳಗಿರುತ್ತದೆ. 5.5 ಸೆಂ.ಮೀ. ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮಾರ್ಫನ್ ಎಂಬ ಆನುವಂಶಿಕ ಕಾಯಿಲೆ ಇರುವವರಲ್ಲಿ ಇನ್ನೂ ಮೊದಲೇ. ಉಬ್ಬಿದ ನಾಳ ವರ್ಷಗಟ್ಟಲೆ ನೋಯದೆ ಇರಬಹುದು. ಒಡೆದರೆ ಮಾತ್ರ ಜೀವಕ್ಕೇ ಕುತ್ತು. 1955ರಲ್ಲಿ ವಿಜ್ಞಾನಿ ಐನ್‌ಸ್ಟೀನ್ ತೀರಿಕೊಂಡದ್ದು ಹೊಟ್ಟೆಯ ಭಾಗದ ಮಹಾಪಧಮನಿ ಒಡೆದು. ಎದೆಯಲ್ಲಿ ಇಲ್ಲವೇ ಬೆನ್ನಲ್ಲಿ ಸೀಳಿದಂಥ ನೋವು ಹಠಾತ್ತನೆ ಬಂದರೆ ಎಂಆರ್‌ಐಗೆ ಕಾಯುವಂತಿಲ್ಲ, ತುರ್ತು ಚಿಕಿತ್ಸೆಗೆ ಓಡಬೇಕು.

ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ವಾಡಿ, ಶಹಾಬಾದಿನವರಿಗೆ ಅಲ್ಲಿಗೆ ರೈಲಿದೆ. ಚಿಂಚೋಳಿಯವರು ಬಸ್ಸು ಹಿಡಿಯಬೇಕು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರೂ ಉಂಟು. ಊರು ಬದಲಾದಂತೆ ಹಳೆಯ ರಿಪೋರ್ಟು ಮನೆಯಲ್ಲೇ ಉಳಿಯುತ್ತದೆ, ತೊಡಕು ಶುರುವಾಗುವುದು ಅಲ್ಲಿ. ಈ ಸಲ 4.6 ಸೆಂ.ಮೀ. ಎಂದು ಬರೆದಿದ್ದರೆ, ಹೋದ ವರ್ಷ ಎಷ್ಟಿತ್ತು ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಎರಡನ್ನೂ ನಾಳದ ಒಂದೇ ಜಾಗದಲ್ಲಿ, ಬಡಿತದ ಒಂದೇ ಹಂತದಲ್ಲಿ ಅಳೆದಿದ್ದರೆ ಮಾತ್ರ ಹೋಲಿಕೆಗೆ ಬೆಲೆ. ಎಂಆರ್‌ಐಯಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ಹಾಗಾಗಿ ಮತ್ತೆ ಮತ್ತೆ ಅಳೆಯಲು ಅದು ಅನುಕೂಲ.

ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡಿದವರು ಇನ್ನೊಂದು ಮಾತು ನೆನಪಿಡಬೇಕು. ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ, ಎಂಆರ್‌ಐ ಯಂತ್ರದ ಕೋಣೆಗೆ ಹೋಗುವ ಮೊದಲೇ ಹೇಳಿಬಿಡಿ. ಯಂತ್ರದ ಕಾಂತ ಆ ಚೂರನ್ನು ಅಲುಗಿಸಬಹುದು. ಪೇಸ್‌ಮೇಕರ್ ಇದ್ದವರೂ ಹಾಗೆಯೇ ಮೊದಲೇ ಹೇಳಬೇಕು.

ಬಿ.ಪಿ.ಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಿಕೊಳ್ಳಿ, ಬೀಡಿ ಬಿಡಿ. ಎಂಆರ್‌ಐ ಆಗಿದ್ದರೆ ಅದರ ಸಿ.ಡಿ., ರಿಪೋರ್ಟು ಎರಡನ್ನೂ ಹೊಲದ ಪಹಣಿಯಷ್ಟೇ ಜೋಪಾನವಾಗಿಡಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಚೀಲಕ್ಕೆ ಮೊದಲು ಅವನ್ನೇ ಹಾಕಿ.