ಮನದ ಸ್ವಾಸ್ಥ್ಯ: ಪ್ರಶ್ನಾವಳಿ ಹೇಳುವುದೇನು, ಹೇಳದಿರುವುದೇನು?



ಉಗಾರ ಬುದ್ರುಕವೂ ಸೇರಿದಂತೆ ನಮ್ಮ ಕೃಷ್ಣಾತೀರದ ಊರುಗಳಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು ‘ಆರಾಮ ಅದೀರಿ?’ ಎಂದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಆರಾಮ ಅದೀವ್ರಿ.’ ಇದು ಸೌಜನ್ಯದ ಮಾತು, ತಪ್ಪೇನಿಲ್ಲ. ಆದರೆ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೂ ಇದೇ ಉತ್ತರ ಕೊಟ್ಟು ಕಳುಹಿಸಿದರೆ ನಷ್ಟ ನಮಗೇ.

ಮೂವತ್ತು ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರದ ಜೊತೆಗೆ ಮನಸ್ಸಿಗೆ ಸಂಬಂಧಿಸಿದ ಎರಡು ಪ್ರಶ್ನೆಗಳೂ ಇವೆ. ಕಳೆದ ಎರಡು ವಾರಗಳಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿ ಕುಂದಿದೆಯೇ? ಮನಸ್ಸು ಕುಗ್ಗಿ, ಭರವಸೆ ಕಳೆದುಕೊಂಡಂತೆ ಆಗಿದೆಯೇ? ಎಷ್ಟು ದಿನ ಹಾಗಾಯಿತು ಎಂಬುದರ ಮೇಲೆ ಅಂಕ ಹಾಕುತ್ತಾರೆ. ಅಂಕ ಹೆಚ್ಚಾದವರನ್ನು ಸಮುದಾಯ ಆರೋಗ್ಯ ಅಧಿಕಾರಿ ಅಥವಾ ವೈದ್ಯರ ಬಳಿಗೆ ಕಳುಹಿಸಬೇಕೆಂಬುದು ಇದರ ಉದ್ದೇಶ.

ಇಂಥ ಅಳತೆಗಳಲ್ಲಿ ಹೆಸರಾದುದು ವಿಶ್ವ ಆರೋಗ್ಯ ಸಂಸ್ಥೆಯ ಐದು ಹೇಳಿಕೆಗಳ ಪ್ರಶ್ನಾವಳಿ. 1998ರಿಂದ ಬಳಕೆಯಲ್ಲಿರುವ ಇದು ರೋಗವನ್ನು ಕುರಿತು ಕೇಳದೆ ಸ್ವಾಸ್ಥ್ಯವನ್ನೇ ವಿಚಾರಿಸುತ್ತದೆ. ಕಳೆದ ಎರಡು ವಾರ ಮನಸ್ಸು ಹರ್ಷದಿಂದಿತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಬೆಳಗ್ಗೆ ಎದ್ದಾಗ ದಣಿವಾರಿದಂತೆ ಇತ್ತೇ, ದಿನನಿತ್ಯದ ಬದುಕಿನಲ್ಲಿ ಆಸಕ್ತಿಯಿತ್ತೇ ಎಂಬುವೇ ಅದರ ಐದು ವಿಷಯಗಳು. ‘ಒಮ್ಮೆಯೂ ಇಲ್ಲ’ ಎಂದರೆ 0, ‘ಸದಾ ಇತ್ತು’ ಎಂದರೆ 5; ನಡುವಿನ ಉತ್ತರಗಳಿಗೆ ನಡುವಿನ ಅಂಕಗಳು. ಒಟ್ಟು ಮೊತ್ತವನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂಬುದು ತಿಳಿಯುತ್ತದೆ. ಒಬ್ಬರ ಉತ್ತರಗಳು 3, 2, 3, 1, 2 ಆಗಿದ್ದರೆ ಮೊತ್ತ 11, ಅಂದರೆ ನೂರಕ್ಕೆ 44. ಅಂಕ 50 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತಜ್ಞರಲ್ಲಿ ಹೆಚ್ಚಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತೆಂದು ಭಾವಿಸಲಾಗುತ್ತದೆ.

ಈ ಅಂಕವು ರೋಗನಿರ್ಣಯವಲ್ಲ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಕಬ್ಬು ಬೆಳೆಯುವ ನಮ್ಮ ಭಾಗದವರಿಗೆ ಇದು ಸುಲಭವಾಗಿ ತಿಳಿದೀತು. ಕಾಟಾದ ಮೇಲೆ ಕಬ್ಬಿನ ತೂಕ ಗೊತ್ತಾಗುತ್ತದೆ. ಅದರೊಳಗಿನ ಸಕ್ಕರೆಯ ಇಳುವರಿ ಎಷ್ಟೆಂದು ತಿಳಿಯಲು ಬೇರೆಯೇ ಪರೀಕ್ಷೆ ಬೇಕು. ಹಾಗೆಯೇ ಅಂಕ ಕಡಿಮೆ ಎಂಬುದನ್ನು ಪ್ರಶ್ನಾವಳಿ ತೋರಿಸುತ್ತದೆ. ಏಕೆ ಕಡಿಮೆ ಎಂಬುದನ್ನು ಹೇಳದು. ಖಿನ್ನತೆ ಇರಬಹುದು, ರಕ್ತಹೀನತೆ ಅಥವಾ ಥೈರಾಯ್ಡ್ ತೊಂದರೆ ಇರಬಹುದು, ಸಾಲದ ಚಿಂತೆ ಇರಬಹುದು, ಹೊಲದ ದುಡಿಮೆಯ ದಣಿವೇ ಇರಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಪ್ರವಾಹವನ್ನು ಕಂಡ ನಮ್ಮ ಸೀಮೆಯಲ್ಲಿ, ಮನೆ-ಬೆಳೆ ಕಳೆದುಕೊಂಡವರು ಅಂಥ ದಿನಗಳಲ್ಲಿ ಉತ್ತರಿಸಿದರೆ ಅಂಕ ಇಳಿಯುವುದು ಸಹಜ. ಆದುದರಿಂದ ಒಂದು ದಿನದ ಅಂಕಕ್ಕಿಂತ, ಕೆಲವು ವಾರಗಳ ಅಂತರದಲ್ಲಿ ಮತ್ತೆ ನೋಡಿಕೊಂಡಾಗ ಅದು ಏರಿತೋ ಇಳಿಯಿತೋ ಎಂಬುದು ಹೆಚ್ಚು ಉಪಯುಕ್ತ.

ಇನ್ನು ಮಾತಿನ ತೊಡಕು. ‘ಬೇಸರ’ ಎಂದರೆ ನಮ್ಮಲ್ಲಿ ದುಃಖವೂ ಹೌದು, ದಣಿವೂ ಹೌದು, ಹೊತ್ತು ಹೋಗದಿರುವುದೂ ಹೌದು. ಮನಸ್ಸು ಕುಗ್ಗಿದೆ ಎನ್ನದೆ ‘ಎದೆ ಭಾರ ಆಗೇತಿ, ನಿದ್ದಿ ಹತ್ತವಲ್ದು’ ಎನ್ನುವ ಹಿರಿಯರೇ ಹೆಚ್ಚು. ಮನೆಯಲ್ಲಿ ಮರಾಠಿ ಆಡುವವರಿಗೆ ಕನ್ನಡದ ಪ್ರಶ್ನೆ ಪೂರ್ತಿ ತಿಳಿಯದಿರಲೂಬಹುದು. ಆದ್ದರಿಂದ ಕೇಳುವವರು ಅವರ ಮಾತಿನಲ್ಲಿಯೇ ಬಿಡಿಸಿ ಕೇಳಬೇಕು. ಮನೆಯವರೂ ಒಂದು ಉಪಕಾರ ಮಾಡಬೇಕು. ಅತ್ತೆಯ ಎದುರು ಸೊಸೆ, ಮಕ್ಕಳ ಎದುರು ತಂದೆ ಒಳಗಿನ ನೋವನ್ನು ಹೇಳಲಾರರು. ಪ್ರಶ್ನೆ ಕೇಳುವ ಆ ಹತ್ತು ನಿಮಿಷ ಅವರನ್ನು ಪ್ರತ್ಯೇಕವಾಗಿ ಬಿಡಬೇಕು; ಅವರ ಪರವಾಗಿ ಉತ್ತರ ಕೊಡಬಾರದು.

ಮುಚ್ಚಿಡುವುದರ ಬೆಲೆ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು.

ಭಕ್ತರು ಮನದ ಅಳಲನ್ನು ಮಠದಲ್ಲಿ ಹೇಳಿಕೊಳ್ಳುವುದು ತಲೆತಲಾಂತರದ ರೂಢಿ, ಅದು ಮುಂದುವರಿಯಲಿ. ಇಷ್ಟಲಿಂಗ ಪೂಜೆ ಮನಕ್ಕೆ ನೆಮ್ಮದಿಯನ್ನೀಯುತ್ತದೆ. ಆದರೆ ಮುರಿದ ಕೈಗೆ ವಿಭೂತಿ ಧರಿಸಿ ವೈದ್ಯರಲ್ಲಿಗೂ ಹೋಗುವ ನಾವು, ನೊಂದ ಮನಕ್ಕೆ ಮಾತ್ರ ವೈದ್ಯರು ಬೇಡವೆನ್ನುವುದು ಸರಿಯಲ್ಲ. ಮನದ ಕಾಯಿಲೆ ಭಕ್ತಿಯ ಕೊರತೆಯೂ ಅಲ್ಲ, ಮನೆತನಕ್ಕೆ ಕಳಂಕವೂ ಅಲ್ಲ.

ಒಂದು ಎಚ್ಚರಿಕೆ. ಬದುಕು ಸಾಕೆನಿಸುವ ಆಲೋಚನೆ ಬರುತ್ತಿದ್ದರೆ ಅಂಕ ಎಷ್ಟೆಂದು ಲೆಕ್ಕ ಹಾಕುತ್ತ ಕೂರಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಬಾರಿ ಆಶಾ ಕಾರ್ಯಕರ್ತೆ ಬಂದಾಗ ಆ ಎರಡು ಪ್ರಶ್ನೆಗಳಿಗೆ ಅವಸರಪಡದೆ, ಇದ್ದುದನ್ನು ಇದ್ದಂತೆ ಹೇಳಿರಿ. ನಿಜವಾದ ಉತ್ತರ ದೊರೆತರೆ ಮಾತ್ರ ಆ ಕಾಗದದಿಂದ ಪ್ರಯೋಜನವಾದೀತು.